ನಂಬರಿಗೆ ಓಗೊಡುತ್ತದೆ, ಹೆಸರಿಗೆ ಇಲ್ಲ: ಮನೆಯ ನೆಟ್‌ವರ್ಕಿನಲ್ಲಿ ಡಿಎನ್‌ಎಸ್ ದೋಷ ಹಿಡಿಯುವುದು

ಜುಲೈ ತಿಂಗಳ ಒಂದು ಶನಿವಾರ. ಬೆಳಿಗ್ಗೆಯಿಂದ ಬಿಡದೆ ಮಳೆ. ಮಂಗಳೂರಿನ ಕುಲಶೇಖರದಿಂದ ಚಿಕ್ಕಮ್ಮನ ಫೋನ್ ಬಂತು.

"ಮಗಾ, ನೆಟ್ ಹೋಗಿದೆ. ಪೂರ್ತಿ ಹೋಗ್ಲಿಲ್ಲ ಮಾರಾಯ. ವಾಟ್ಸಾಪ್ ಬರ್ತಾ ಉಂಟು. ಬೇರೆ ಎಂತ ಒತ್ತಿದ್ರೂ ಸುಮ್ನೆ ತಿರುಗ್ತದೆ. ಚಿಕ್ಕಪ್ಪನ ಫೋನಲ್ಲಿ ಎಲ್ಲ ಬರ್ತದೆ. ನನ್ನ ಫೋನೇ ಹಾಳಾಯ್ತಾ ಅಂತ. ರೌಟರ್ ಒಮ್ಮೆ ಆಫ್ ಮಾಡಿ ನೋಡ್ಲಾ?"

"ಬೇಡ ಚಿಕ್ಕಮ್ಮ, ಹಾಗೇ ಇರಲಿ. ಎಂತದೂ ಮುಟ್ಬೇಡಿ. ನಾನೇ ಬರ್ತೇನೆ."

ರೌಟರ್ ಆಫ್-ಆನ್ ಮಾಡುವುದು ತಪ್ಪೇನಲ್ಲ. ಎಷ್ಟೋ ಸಲ ಅದರಿಂದಲೇ ಸರಿಯಾಗುತ್ತದೆ. ಆದರೆ ಸರಿಯಾದ ಮೇಲೆ ಎಂತ ಆಗಿತ್ತು ಅಂತ ಗೊತ್ತಾಗುವುದಿಲ್ಲ. ಮುಂದಿನ ವಾರ ಮತ್ತೆ ಅದೇ ಕತೆ. ಅದಕ್ಕೇ ನಾನು ಮೊದಲು ಎರಡು ನಿಮಿಷ ನೋಡಿ, ಆಮೇಲೆ ಸ್ವಿಚ್ಚಿಗೆ ಕೈ ಹಾಕುತ್ತೇನೆ.

ಚಿಕ್ಕಮ್ಮ ಹೇಳಿದ್ದರಲ್ಲಿ "ಪೂರ್ತಿ ಹೋಗ್ಲಿಲ್ಲ" ಎಂಬ ಮಾತೇ ಮುಖ್ಯ. ಆಗಲೇ ಶುರುವಾಗಿರುವ ಸಂಪರ್ಕ ನಡೆಯುತ್ತಾ ಇದೆ, ಹೊಸದು ಮಾತ್ರ ಶುರುವಾಗುವುದಿಲ್ಲ. ವಾಟ್ಸಾಪ್ ಒಮ್ಮೆ ತನ್ನ ಸರ್ವರ್‌ಗೆ ಜೋಡಿಸಿಕೊಂಡರೆ ಆ ಗೆರೆಯನ್ನು ಹಿಡಿದುಕೊಂಡೇ ಇರುತ್ತದೆ. ಪ್ರತಿ ಮೆಸೇಜಿಗೂ ಮತ್ತೆ ವಿಳಾಸ ಕೇಳುವುದಿಲ್ಲ. ಬ್ರೌಸರಿನಲ್ಲಿ ಹೊಸ ಸೈಟ್ ತೆರೆಯಬೇಕಾದರೆ ಮೊದಲು ಹೆಸರು ಕೊಟ್ಟು ನಂಬರ್ ತರಬೇಕು. ಆ ಕೆಲಸ ಮಾಡುವುದು ಡಿಎನ್‌ಎಸ್.

ಮಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳುವುದು ಕಷ್ಟವಿಲ್ಲ. ನಮ್ಮ ಊರಿಗೇ ನಾಲ್ಕು ಹೆಸರು. ಕನ್ನಡದಲ್ಲಿ ಮಂಗಳೂರು, ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿಯಲ್ಲಿ ಮೈಕಾಲ. ಯಾವುದು ಹೇಳಿದರೂ ಬಂದು ಇಳಿಯುವ ಜಾಗ ಒಂದೇ. ಸಿಟಿ ಬಸ್ಸಿನಲ್ಲಿ "ಒಂದು ಸ್ಟೇಟ್ ಬ್ಯಾಂಕ್" ಅಂತ ಟಿಕೆಟ್ ಕೇಳಿ. ಕಂಡಕ್ಟರ್ ನಿಮ್ಮನ್ನು ಬ್ಯಾಂಕಿನ ಕೌಂಟರಿಗೆ ಕಳಿಸುವುದಿಲ್ಲ, ಬಸ್‌ಸ್ಟ್ಯಾಂಡಿನಲ್ಲಿ ಇಳಿಸುತ್ತಾರೆ. ರಿಕ್ಷಾದಲ್ಲಿ ಕಂಕನಾಡಿ ಸ್ಟೇಷನ್ ಅಂದರೆ ಮಂಗಳೂರು ಜಂಕ್ಷನ್‌ಗೆ ಹೋಗುತ್ತದೆ. ಹೆಸರು ಕೇಳಿ ಜಾಗ ಹೇಳುವ ಆ ಕಂಡಕ್ಟರ್ ಕೆಲಸವೇ ಡಿಎನ್‌ಎಸ್ ಸರ್ವರಿನದ್ದು. ಕಂಡಕ್ಟರ್ ರಜೆಯಲ್ಲಿದ್ದರೆ ಬಸ್ಸು, ರಸ್ತೆ ಎಲ್ಲ ಸರಿಯಿದ್ದರೂ ಹೊಸಬರು ಎಲ್ಲಿಗೂ ತಲುಪುವುದಿಲ್ಲ.

ಹಾಗಾಗಿ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಹಾಳಾದದ್ದು ರಸ್ತೆಯಾ, ಕಂಡಕ್ಟರಾ?

ನಂಬರ್ ಹಾಕಿ ನೋಡಿ

ಚಿಕ್ಕಪ್ಪನ ಲ್ಯಾಪ್‌ಟಾಪ್ ತೆಗೆದೆ. ವಿಂಡೋಸ್‌ನಲ್ಲಿ ಸ್ಟಾರ್ಟ್ ಒತ್ತಿ ಸಿಎಂಡಿ ಅಂತ ಹಾಕಿದರೆ ಕಪ್ಪು ಕಿಟಕಿ ಬರುತ್ತದೆ. ಇಲ್ಲಿ ಆದೇಶಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ ಹಾಕಿ.

ಮೊದಲು: ಪಿಂಗ್, ಒಂದು ಸ್ಪೇಸ್, 8.8.8.8. ಪಿಂಗ್ ಅಂದರೆ "ಇದ್ದೀಯಾ?" ಅಂತ ಆ ನಂಬರಿಗೆ ಕೂಗಿ ನೋಡುವುದು.

ಇದು ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್ ಸರ್ವರಿನ ನಂಬರ್. 2009ರಿಂದ ಇದೆ, ನೆನಪಿಟ್ಟುಕೊಳ್ಳಲೂ ಸುಲಭ. ನಾಲ್ಕು ಸಾಲು ಉತ್ತರ ಬಂತು. ಅಂದರೆ ಮನೆಯಿಂದ ಹೊರಗಿನ ತನಕ ರಸ್ತೆ ಸರಿ ಇದೆ.

ಆಮೇಲೆ ಪಿಂಗ್ ಮುಂದೆ ಯಾವುದಾದರೂ ಸೈಟಿನ ಹೆಸರು ಹಾಕಿದೆ. "ಹೋಸ್ಟ್ ಸಿಗಲಿಲ್ಲ, ಹೆಸರು ಸರಿಯಿದೆಯಾ ನೋಡಿ" ಎಂಬ ಅರ್ಥದ ಒಂದು ಸಾಲು ಬಂತು. ಅಲ್ಲಿಗೆ ತೀರ್ಮಾನ. ನಂಬರಿಗೆ ಹೋಗುತ್ತದೆ, ಹೆಸರಿಗೆ ಹೋಗುವುದಿಲ್ಲ. ದೋಷ ಡಿಎನ್‌ಎಸ್‌ನದ್ದೇ.

ನಂಬರಿಗೂ ಉತ್ತರ ಬಾರದಿದ್ದರೆ ಡಿಎನ್‌ಎಸ್ ಹಿಂದೆ ಹೋಗಿ ಮಂಡೆ ಬಿಸಿ ಮಾಡಿಕೊಳ್ಳಬೇಡಿ. ಫೈಬರ್ ಪೆಟ್ಟಿಗೆಯಲ್ಲಿ ಎಲ್‌ಓಎಸ್ ಎಂಬ ಕೆಂಪು ದೀಪ ಉರಿಯುತ್ತಿದೆಯಾ ನೋಡಿ. ಉರಿಯುತ್ತಿದ್ದರೆ ಬೆಳಕೇ ಬರುತ್ತಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ತೆಂಗಿನ ಮಡಲು ಬಿದ್ದು ವಯರ್ ಎಳೆದುಕೊಂಡು ಹೋಗಿರುವುದೇ ಜಾಸ್ತಿ. ಕಂಪ್ಯೂಟರಿನ ವಿಳಾಸ 169.254 ಅಂತ ಶುರುವಾಗಿದ್ದರೆ ಅದಕ್ಕೆ ರೌಟರಿನಿಂದ ವಿಳಾಸವೇ ಸಿಕ್ಕಿಲ್ಲ, ತಾನೇ ಒಂದು ಇಟ್ಟುಕೊಂಡಿದೆ. ಇವೆರಡೂ ಬೇರೆ ಕಾಯಿಲೆ. ಕೆಲವು ಕಡೆ ಪಿಂಗ್ ತಡೆದಿರುತ್ತಾರೆ. ಅದಕ್ಕೆ ಒಂದು ನಂಬರಿನಿಂದಲೇ ತೀರ್ಮಾನಕ್ಕೆ ಬರಬೇಡಿ, ಇಂಥದ್ದೇ ಇನ್ನೊಂದು ಸಾರ್ವಜನಿಕ ಸರ್ವರ್ 1.1.1.1 ಕೂಡ ಹಾಕಿ ನೋಡಿ.

ಇನ್ನು ಚಿಕ್ಕಪ್ಪನ ಫೋನಲ್ಲಿ ಹೇಗೆ ಎಲ್ಲ ಬರುತ್ತಿತ್ತು? ಅವರ ಫೋನು ವೈಫೈಯಲ್ಲಿ ಇಂಟರ್‌ನೆಟ್ ಇಲ್ಲ ಅಂತ ಕಂಡ ಕೂಡಲೇ ಸದ್ದಿಲ್ಲದೆ ಮೊಬೈಲ್ ಡೇಟಾಕ್ಕೆ ಹಾರಿತ್ತು. ಚಿಕ್ಕಮ್ಮ ಡೇಟಾ ಆಫ್ ಇಟ್ಟಿದ್ದರು, ಹಾರಲು ಜಾಗ ಇರಲಿಲ್ಲ. "ಒಂದರಲ್ಲಿ ಬರ್ತದೆ, ಒಂದರಲ್ಲಿ ಇಲ್ಲ" ಅಂತ ಯಾರಾದರೂ ಹೇಳಿದರೆ ನಾನು ಮೊದಲು ಎಲ್ಲರ ಮೊಬೈಲ್ ಡೇಟಾ ಆಫ್ ಮಾಡಿಸುತ್ತೇನೆ. ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ನಿಮ್ಮ ಕಂಪ್ಯೂಟರ್ ಯಾರನ್ನು ಕೇಳುತ್ತಿದೆ?

ಐಪಿ ಮತ್ತು ಕಾನ್ಫಿಗ್ ಸೇರಿಸಿ ಬರೆದು, ಸ್ಪೇಸ್ ಬಿಟ್ಟು, ಸ್ಲ್ಯಾಶ್ ಆಲ್ ಹಾಕಿ. ಉದ್ದದ ಪಟ್ಟಿ ಬರುತ್ತದೆ. ಅದರಲ್ಲಿ ಬೇಕಾದದ್ದು ಮೂರೇ ಸಾಲು: ನಿಮ್ಮ ವಿಳಾಸ, ಡೀಫಾಲ್ಟ್ ಗೇಟ್‌ವೇ, ಡಿಎನ್‌ಎಸ್ ಸರ್ವರ್ಸ್.

ಹೆಚ್ಚಿನ ಮನೆಗಳಲ್ಲಿ ಗೇಟ್‌ವೇ ಮತ್ತು ಡಿಎನ್‌ಎಸ್ ಎರಡೂ ಒಂದೇ ನಂಬರ್ ಇರುತ್ತದೆ, ಅದು ರೌಟರಿನದ್ದು. 192.168.1.1 ಅಥವಾ 192.168.0.1. ವೈಫೈಗೆ ಸೇರಿದ ಕೂಡಲೇ ರೌಟರ್ "ಇದು ನಿನ್ನ ವಿಳಾಸ, ಹೊರಗೆ ಹೋಗಲು ನನ್ನ ಹತ್ರ ಬಾ, ಹೆಸರು ಕೇಳಲೂ ನನ್ನ ಹತ್ರ ಬಾ" ಅಂತ ಹೇಳಿಕೊಡುತ್ತದೆ. ಈ ಹೇಳಿಕೊಡುವ ಕೆಲಸಕ್ಕೆ ಡಿಎಚ್‌ಸಿಪಿ ಎನ್ನುತ್ತಾರೆ. ರೌಟರ್ ತಾನೇನೂ ಹೆಸರುಗಳನ್ನು ಬಾಯಿಪಾಠ ಮಾಡಿರುವುದಿಲ್ಲ. ಕೇಳಿದ್ದನ್ನು ನೆಟ್ ಕಂಪನಿಯ ಸರ್ವರ್‌ಗೆ ದಾಟಿಸುತ್ತದೆ, ಬಂದ ಉತ್ತರ ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ.

ಚಿಕ್ಕಮ್ಮನ ಮನೆಯಲ್ಲಿ ಗೇಟ್‌ವೇ 192.168.1.1. ಡಿಎನ್‌ಎಸ್ 192.168.1.50.

ಐವತ್ತು ಯಾರು?

ಎನ್‌ಎಸ್‌ಲುಕಪ್ ಎಂಬ ಆದೇಶದ ಮುಂದೆ ಸೈಟಿನ ಹೆಸರು ಹಾಕಿದೆ. ಸರ್ವರ್: ಅನ್‌ನೋನ್, ಅಡ್ರೆಸ್: 192.168.1.50. ಅದರ ಕೆಳಗೆ "ರಿಕ್ವೆಸ್ಟ್ ಟೈಮ್ಡ್ ಔಟ್, ಟೈಮ್‌ಔಟ್ 2 ಸೆಕೆಂಡ್" ಎಂಬ ಸಾಲು ಮತ್ತೆ ಮತ್ತೆ. ಇಲ್ಲಿ ಒಂದು ಮಾತು. "ಅನ್‌ನೋನ್" ಅಂತ ಕಂಡರೆ ಹೆದರಬೇಡಿ. ಸರ್ವರಿನ ನಂಬರಿಗೆ ಹೆಸರು ಸಿಗಲಿಲ್ಲ ಅಂತ ಅಷ್ಟೇ ಅದರ ಅರ್ಥ. ಸರಿಯಿರುವ ಮನೆಯಲ್ಲೂ ಹಾಗೇ ಬರುತ್ತದೆ. "ನಾನ್ ಅಥಾರಿಟೇಟಿವ್ ಆನ್ಸರ್" ಎಂಬುದೂ ದೋಷವಲ್ಲ, ಬೇರೆಯವರಿಂದ ಕೇಳಿ ಹೇಳುತ್ತಿದ್ದೇನೆ ಅಂತ ಅದರ ಅರ್ಥ. ಇವೆರಡನ್ನು ನೋಡಿ ಗಾಬರಿಯಾಗಿ ವಿಂಡೋಸ್ ಫಾರ್ಮ್ಯಾಟ್ ಮಾಡಿಸಿದವರೂ ನನಗೆ ಗೊತ್ತು.

192.168.1.50ಕ್ಕೆ ಪಿಂಗ್ ಮಾಡಿದೆ. "ರಿಪ್ಲೈ ಫ್ರಮ್ 192.168.1.23: ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್." ಇದು ಜನ ಎಡವುವ ಜಾಗ. "ರಿಪ್ಲೈ" ಅಂತ ಇದೆಯಲ್ಲ, ಉತ್ತರ ಬಂತು ಅಂತ ಅಂದುಕೊಳ್ಳುತ್ತಾರೆ. ನಂಬರ್ ನೋಡಿ. ಇಪ್ಪತ್ಮೂರು ಅಂದರೆ ಚಿಕ್ಕಪ್ಪನ ಲ್ಯಾಪ್‌ಟಾಪೇ. ಬಾಗಿಲು ಬಡಿದು, ಯಾರೂ ಇಲ್ಲ ಅಂತ ಅದೇ ವಾಪಸ್ ಬಂದು ಹೇಳುತ್ತಿದೆ.

ಈಗ ಎನ್‌ಎಸ್‌ಲುಕಪ್‌ನಲ್ಲಿ ಸೈಟಿನ ಹೆಸರಿನ ಪಕ್ಕ ಇನ್ನೊಂದು ಸ್ಪೇಸ್ ಬಿಟ್ಟು 8.8.8.8 ಅಂತ ಸೇರಿಸಿದೆ. "ಐವತ್ತನ್ನು ಕೇಳಬೇಡ, ಇವನನ್ನು ಕೇಳು" ಅಂತ ಹೇಳಿದ ಹಾಗೆ. ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬಂತು.

ಇಷ್ಟರಲ್ಲಿ ನನಗೆ ಸ್ವಲ್ಪ ಅಂದಾಜಾಗಿತ್ತು. ಬೆಂಗಳೂರಿನಲ್ಲಿರುವ ತಮ್ಮನಿಗೆ, ಅಂದರೆ ಚಿಕ್ಕಮ್ಮನ ಮಗನಿಗೆ, ಫೋನ್ ಮಾಡಿ ಸ್ಪೀಕರ್ ಹಾಕಿದೆ.

"ಐವತ್ತಾ? ಅದು ನನ್ನ ಪೈ ಅಣ್ಣ. ದಸರಾ ರಜೆಯಲ್ಲಿ ಬಂದಾಗ ಹಾಕಿದ್ದು. ಟಿವಿ ಹಿಂದೆ ಉಂಟು."

ಚಿಕ್ಕಮ್ಮ ಅಡುಗೆಮನೆಯಿಂದಲೇ ಕೇಳಿದರು: "ಯಾವ ಪೈ? ಕಾರ್‌ಸ್ಟ್ರೀಟಿನ ಪೈ ಮಾಮನಾ? ಅವರು ಯಾಕೆ ನಮ್ಮ ಟಿವಿ ಹಿಂದೆ?"

ಹೆಸರಿನಿಂದ ತಪ್ಪು ಜಾಗಕ್ಕೆ ಹೋಗುವುದು ಅಂದರೆ ಇದೇ ನೋಡಿ. ತಮ್ಮ ಹೇಳಿದ್ದು ರಾಸ್ಪ್‌ಬೆರಿ ಪೈ ಎಂಬ ಅಂಗೈ ಅಗಲದ ಕಂಪ್ಯೂಟರ್. ಅದರಲ್ಲಿ ಜಾಹೀರಾತು ತಡೆಯುವ ಡಿಎನ್‌ಎಸ್ ಹಾಕಿ, ಇಡೀ ಮನೆಗೆ "ಹೆಸರು ಕೇಳಲು ಇದರ ಹತ್ರ ಹೋಗಿ" ಅಂತ ರೌಟರಿನಲ್ಲಿ ಬರೆದಿಟ್ಟು ಹೋಗಿದ್ದ. ಒಳ್ಳೆಯ ವ್ಯವಸ್ಥೆಯೇ. ಮನೆಯವರಿಗೆ ಹೇಳಲಿಲ್ಲ ಅಷ್ಟೇ.

ಟಿವಿ ಹಿಂದೆ ಬಗ್ಗಿ ನೋಡಿದೆ. ಪೈಯ ಪ್ಲಗ್ ಹೊರಗಿತ್ತು. ಆ ಜಾಗದಲ್ಲಿ ಇಸ್ತ್ರಿ ಪೆಟ್ಟಿಗೆಯ ಪ್ಲಗ್ ಇತ್ತು. ಮಳೆಗೆ ಬಟ್ಟೆ ಒಣಗುತ್ತಿಲ್ಲ, ಚಿಕ್ಕಪ್ಪ ಹೊರಡುವ ಮೊದಲು ಅಂಗಿಯನ್ನು ಇಸ್ತ್ರಿ ಹಾಕಿಯೇ ಒಣಗಿಸಬೇಕು. ಚಿಕ್ಕಮ್ಮ ಕೈಗೆ ಸಿಕ್ಕಿದ ಪ್ಲಗ್ ಎಳೆದಿದ್ದರು. ವಾಪಸ್ ಹಾಕಿ ಎರಡು ನಿಮಿಷ ಕಾದ ಮೇಲೆ ಎಲ್ಲ ಸರಿ. ಈಗ ಆ ಪ್ಲಗ್ಗಿಗೆ ಒಂದು ಚೀಟಿ ಅಂಟಿಸಿದೆ: "ಪೈ. ತೆಗೆಯಬೇಡಿ."

ಇಂಥದ್ದನ್ನು ಹಾಕಿಕೊಂಡವರು ಎರಡನೇ ಡಿಎನ್‌ಎಸ್ ಆಗಿ 8.8.8.8 ಕೊಟ್ಟರೆ ಸಾಕಲ್ವಾ ಅಂತ ಕೇಳುತ್ತಾರೆ. ಕೊಡಬಹುದು. ಆದರೆ ಎರಡನೆಯದು ಬರೀ ಆಪತ್ತಿಗೆ ಇರುವುದಲ್ಲ. ಕೆಲವು ಉಪಕರಣಗಳು ಯಾವಾಗ ಬೇಕಾದರೂ ಯಾವುದನ್ನು ಬೇಕಾದರೂ ಕೇಳುತ್ತವೆ, ಹಾಗಾಗಿ ಜಾಹೀರಾತು ನುಸುಳುತ್ತದೆ. ಮೊದಲನೆಯದು ಸತ್ತಿದ್ದರೆ ಪ್ರತಿ ಹೊಸ ಹೆಸರಿಗೂ ಅದಕ್ಕಾಗಿ ಕಾದು, ಬೇಸತ್ತು, ಆಮೇಲೆ ಎರಡನೆಯದಕ್ಕೆ ಹೋಗುತ್ತದೆ. ಲಿನಕ್ಸ್‌ನಲ್ಲಿ ಈ ಕಾಯುವಿಕೆ ಸಾಮಾನ್ಯವಾಗಿ 5 ಸೆಕೆಂಡ್. "ನೆಟ್ ಇದೆ, ಆದರೆ ಪ್ರತಿ ಪುಟವೂ ಒಮ್ಮೆ ನಿಂತು ಆಮೇಲೆ ಓಡುತ್ತದೆ" ಎಂಬ ದೂರು ಬಂದರೆ ಮೊದಲ ಡಿಎನ್‌ಎಸ್ ನಂಬರಿಗೆ ಜೀವ ಇದೆಯಾ ನೋಡಿ.

ಉತ್ತರ ಯಾವ ಬಗೆಯದ್ದು?

ಎನ್‌ಎಸ್‌ಲುಕಪ್ ಸೋತಾಗ ಹೇಗೆ ಸೋತಿತು ಎಂಬುದನ್ನು ಓದಬೇಕು. ಎಲ್ಲ ಸೋಲೂ ಒಂದೇ ಅಲ್ಲ. ದಾರಿ ಬದಿಯ ಗೂಡಂಗಡಿಯಲ್ಲಿ ಒಂದು ಮನೆ ಕೇಳಿದಿರಿ ಅಂತ ಇಟ್ಟುಕೊಳ್ಳಿ.

ಅಂಗಡಿಯಲ್ಲಿ ಯಾರೂ ಇಲ್ಲ. ಇದು ಟೈಮ್‌ಔಟ್. ನೀವು ಕೇಳುತ್ತಿರುವ ಸರ್ವರ್ ಸತ್ತಿದೆ, ಅಥವಾ ನಡುವೆ ಯಾರೋ 53ನೇ ಪೋರ್ಟನ್ನು, ಅಂದರೆ ಹೆಸರು ಕೇಳುವ ಪ್ರಶ್ನೆ ಹೋಗುವ ಬಾಗಿಲನ್ನು, ತಡೆದಿದ್ದಾರೆ. ಚಿಕ್ಕಮ್ಮನ ಮನೆಯದ್ದು ಇದು.

"ಹಾಗೆ ಹೇಳುವ ಮನೆಯೇ ಈ ಊರಲ್ಲಿಲ್ಲ." ಇದು ಎನ್‌ಎಕ್ಸ್‌ಡೊಮೈನ್. ಕ್ರೋಮ್‌ನಲ್ಲಿ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಬರುವುದು ಇದೇ. ಸರ್ವರ್ ಬದುಕಿದೆ, ಖಚಿತವಾಗಿ ಇಲ್ಲ ಅಂತ ಹೇಳುತ್ತಿದೆ. ಒಂದು ಸೈಟಿಗೆ ಮಾತ್ರ ಬಂದರೆ ಮೊದಲು ಸ್ಪೆಲ್ಲಿಂಗ್ ನೋಡಿ. ಮಂಗಳೂರನ್ನು ಇಂಗ್ಲಿಷಿನಲ್ಲಿ ಹಳೆ ರೀತಿ, ಹೊಸ ರೀತಿ ಎರಡರಲ್ಲೂ ಬರೆಯುತ್ತಾರೆ. ಊರ ಹೆಸರಿರುವ ಸೈಟುಗಳಲ್ಲಿ ಇದರಿಂದಲೇ ಎಷ್ಟೋ ಸಲ ತಪ್ಪುತ್ತದೆ. ಮೊಬೈಲ್ ಡೇಟಾದಲ್ಲೂ ಅದೇ ಉತ್ತರ ಬಂದರೆ ದೋಷ ನಿಮ್ಮ ಮನೆಯದ್ದಲ್ಲ, ಸೈಟಿನವರದ್ದು.

"ಗೊತ್ತುಂಟು, ಈಗ ಹೇಳ್ಲಿಕ್ಕೆ ಆಗ್ತಾ ಇಲ್ಲ." ಇದು ಸರ್ವ್‌ಫೇಲ್. ನೀವು ಕೇಳಿದವನು ಮುಂದಿನವನನ್ನು ಕೇಳಲು ಹೋಗಿ ಸೋತ, ಅಥವಾ ಬಂದ ಉತ್ತರ ಅಸಲಿ ಅಂತ ತೋರಿಸುವ ಸಹಿ ಸರಿಯಿಲ್ಲ ಅಂತ ಬಿಟ್ಟುಬಿಟ್ಟ. ಬೇರೆ ಸರ್ವರ್ ಕೇಳಿ ಹೋಲಿಸಿ ನೋಡಿ. "ನಿನಗೆ ಹೇಳುವುದಿಲ್ಲ ಹೋಗು" ಎಂಬುದೂ ಒಂದಿದೆ, ರೆಫ್ಯೂಸ್ಡ್ ಅಂತ. ಮನೆಗಳಲ್ಲಿ ಅಪರೂಪ. ಹಳೆ ನೆಟ್ ಕಂಪನಿಯ ಸರ್ವರ್ ನಂಬರನ್ನು ಬದಲಿಸದೆ ಹೊಸ ಕಂಪನಿಯ ಲೈನಿನಲ್ಲಿ ಬಳಸಿದಾಗ ಕಂಡಿದ್ದೇನೆ.

ಎಲ್ಲಕ್ಕಿಂತ ಕಷ್ಟದ್ದು, ತಪ್ಪು ಮನೆ ತೋರಿಸುವ ಅಂಗಡಿ. ಉತ್ತರ ಬರುತ್ತದೆ, ಸುಳ್ಳು ಉತ್ತರ. ಮೂರು ಬೇರೆ ಬೇರೆ ಸೈಟಿನ ಹೆಸರು ಕೇಳಿ. ಮೂರಕ್ಕೂ ಒಂದೇ ನಂಬರ್ ಬಂದರೆ, ಹೆಚ್ಚಾಗಿ ರೀಚಾರ್ಜ್ ಮುಗಿದಿದೆ. ಯಾವ ಹೆಸರು ಕೇಳಿದರೂ ದುಡ್ಡು ಕಟ್ಟುವ ಪುಟಕ್ಕೆ ಕಳಿಸುತ್ತಿದ್ದಾರೆ. ಒಂದು ಗಂಟೆ ರೌಟರ್ ಸೆಟ್ಟಿಂಗ್ ಕೆದಕಿದ ಮೇಲೆ ಇದು ಗೊತ್ತಾದರೆ ನಾಚಿಕೆಯಾಗುತ್ತದೆ. ನನಗೆ ಆಗಿದೆ.

ನಡುವೆ ಯಾರಾದರೂ ಬಾಯಿ ಹಾಕುತ್ತಿದ್ದಾರಾ ಅಂತ ಅನುಮಾನ ಇದ್ದರೆ ಒಂದು ಉಪಾಯ ಇದೆ. ಎನ್‌ಎಸ್‌ಲುಕಪ್‌ನಲ್ಲಿ ಸೈಟಿನ ಹೆಸರು ಹಾಕಿ, ಸರ್ವರ್ ಜಾಗದಲ್ಲಿ 192.0.2.1 ಕೊಡಿ. ಅದು ಪುಸ್ತಕಗಳಲ್ಲಿ ಉದಾಹರಣೆಗಾಗಿ ಮೀಸಲಿಟ್ಟ ನಂಬರ್. ಅಲ್ಲಿ ಯಾವ ಸರ್ವರೂ ಇಲ್ಲ. ಟೈಮ್‌ಔಟ್ ಬರಬೇಕು. ಉತ್ತರ ಬಂತು ಅಂದರೆ ದಾರಿಯಲ್ಲೇ ಯಾರೋ ನಿಮ್ಮ ಪ್ರಶ್ನೆ ಹಿಡಿದು ತಾವೇ ಉತ್ತರ ಕೊಡುತ್ತಿದ್ದಾರೆ. ಆಗ ನೀವು ಡಿಎನ್‌ಎಸ್ ನಂಬರ್ ಎಷ್ಟು ಬದಲಾಯಿಸಿದರೂ ಪ್ರಯೋಜನವಿಲ್ಲ.

ಎನ್‌ಎಸ್‌ಲುಕಪ್ ಸರಿ, ಬ್ರೌಸರ್ ಮಾತ್ರ ತಪ್ಪು

ಎನ್‌ಎಸ್‌ಲುಕಪ್ ನೇರ ಸರ್ವರನ್ನೇ ಕೇಳುತ್ತದೆ. ಕಂಪ್ಯೂಟರಿನ ನೆನಪನ್ನಾಗಲಿ, ಅದರೊಳಗಿರುವ ಹೋಸ್ಟ್ಸ್ ಎಂಬ ಹೆಸರುಗಳ ಪಟ್ಟಿಯ ಫೈಲನ್ನಾಗಲಿ ಅದು ನೋಡುವುದಿಲ್ಲ. ಪಿಂಗ್ ಎರಡನ್ನೂ ನೋಡುತ್ತದೆ. ಹಾಗಾಗಿ ಒಂದೇ ಹೆಸರಿಗೆ ಇವೆರಡೂ ಬೇರೆ ಬೇರೆ ನಂಬರ್ ತೋರಿಸಿದರೆ ಕಳ್ಳ ನಿಮ್ಮ ಕಂಪ್ಯೂಟರಿನೊಳಗೇ ಇದ್ದಾನೆ. ದೊಡ್ಡ ಸೈಟುಗಳಿಗೆ ಹಲವು ನಂಬರ್ ಇರುತ್ತದೆ, ಅದನ್ನು ಬಿಟ್ಟು ಹೇಳುತ್ತಿದ್ದೇನೆ.

ಹಳೆ ನೆನಪಾದರೆ ಐಪಿಕಾನ್ಫಿಗ್ ಸ್ಲ್ಯಾಶ್ ಫ್ಲಶ್‌ಡಿಎನ್‌ಎಸ್ ಹಾಕಿದರೆ ಹೋಗುತ್ತದೆ. ಬ್ರೌಸರಿಗೆ ತನ್ನದೇ ಬೇರೆ ನೆನಪು ಇರುತ್ತದೆ, ಪೂರ್ತಿ ಮುಚ್ಚಿ ತೆರೆಯಿರಿ. "ಇಲ್ಲ" ಎಂಬ ಉತ್ತರವನ್ನೂ ಕಂಪ್ಯೂಟರ್ ನೆನಪಿಟ್ಟುಕೊಳ್ಳುತ್ತದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಪೈಯ ಪ್ಲಗ್ ಹಾಕಿದಂತೆ ದೋಷ ಸರಿಮಾಡಿದ ಮೇಲೂ ಒಂದು ಸೈಟು ಮಾತ್ರ ಹಟ ಮಾಡುತ್ತಿದ್ದರೆ ಕಾರಣ ಇದಿರಬಹುದು.

ಹೋಸ್ಟ್ಸ್ ಫೈಲಿನದ್ದು ದೊಡ್ಡ ಕತೆ. ಡಿಎನ್‌ಎಸ್ ಹುಟ್ಟುವ ಮೊದಲು ಇಡೀ ನೆಟ್‌ವರ್ಕಿನ ಹೆಸರುಗಳೆಲ್ಲ ಒಂದೇ ಪಟ್ಟಿಯಲ್ಲಿದ್ದವು. ಅದನ್ನು ಎಲ್ಲರೂ ಇಳಿಸಿಕೊಂಡು ಬಳಸುತ್ತಿದ್ದರು. ಪಟ್ಟಿ ಬೆಳೆದು ಬೆಳೆದು ನಿಭಾಯಿಸಲು ಆಗದೆ, 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್‌ಎಸ್ ರೂಪಿಸಿದರು. ಪಟ್ಟಿ ಮಾತ್ರ ಇಂದಿಗೂ ಪ್ರತಿ ಕಂಪ್ಯೂಟರಿನ ಮೂಲೆಯಲ್ಲಿ ಕೂತಿದೆ, ಮನೆಯ ಅಜ್ಜನ ಹಾಗೆ. ಅಜ್ಜ ಹೇಳಿದ ಮೇಲೆ ಬೇರೆ ಯಾರನ್ನೂ ಕೇಳುವುದಿಲ್ಲ. ವಿಂಡೋಸ್‌ನಲ್ಲಿ ಸಿ ಡ್ರೈವಿನ ವಿಂಡೋಸ್ ಫೋಲ್ಡರಿನಲ್ಲಿ ಸಿಸ್ಟಮ್32, ಅದರೊಳಗೆ ಡ್ರೈವರ್ಸ್, ಅದರೊಳಗೆ ಇಟಿಸಿ. ಅಲ್ಲಿದೆ ಹೋಸ್ಟ್ಸ್. ನೋಟ್‌ಪ್ಯಾಡಿನಲ್ಲಿ ತೆರೆಯುತ್ತದೆ. ಸಾಲಿನ ಮೊದಲು ಹ್ಯಾಶ್ ಗುರುತು ಇದ್ದರೆ ಅದು ಲೆಕ್ಕಕ್ಕಿಲ್ಲ. ಇಲ್ಲದಿದ್ದರೆ ಅದೇ ಶಾಸನ.

ಉಡುಪಿಯಲ್ಲಿ ವೆಬ್‌ಸೈಟ್ ಮಾಡಿಕೊಡುವ ನನ್ನ ಗೆಳೆಯನೊಬ್ಬನಿದ್ದಾನೆ. ಗಿರಾಕಿಯ ಸೈಟು ಬೇರೆ ಎಲ್ಲರಿಗೂ ಕಾಣುತ್ತದೆ, ಅವನಿಗೆ ಮಾತ್ರ ಇಲ್ಲ. ಎರಡು ದಿನ ನೆಟ್ ಕಂಪನಿಯವರೊಂದಿಗೆ ಜಗಳ. ಕೊನೆಗೆ ನೋಡಿದರೆ, ಹೊಸ ಸರ್ವರ್ ಪರೀಕ್ಷಿಸಲು ಅವನೇ ಆರು ತಿಂಗಳ ಹಿಂದೆ ಹೋಸ್ಟ್ಸ್‌ನಲ್ಲಿ ಒಂದು ಸಾಲು ಬರೆದು ಮರೆತಿದ್ದ. ಆಮೇಲೆ ಸೈಟು ಇನ್ನೊಂದು ಸರ್ವರಿಗೆ ಹೋಗಿತ್ತು. ಕಂಪನಿಯವರಿಗೆ ಒಂದು ಸಾರಿ ಹೇಳು ಮಾರಾಯ ಅಂದೆ. ಹೇಳಲಿಲ್ಲ.

ವಿಪಿಎನ್ ತೆಗೆದ ಮೇಲೂ ಅದು ಹಾಕಿದ್ದ ಡಿಎನ್‌ಎಸ್ ನಂಬರ್ ಉಳಿಯುವುದುಂಟು. ಐಪಿಕಾನ್ಫಿಗ್ ಪಟ್ಟಿಯಲ್ಲಿ ನಿಮಗೆ ಪರಿಚಯವಿಲ್ಲದ ನಂಬರ್ ಕಂಡರೆ ಅಡಾಪ್ಟರ್ ಸೆಟ್ಟಿಂಗಿಗೆ ಹೋಗಿ ಆಟೊಮ್ಯಾಟಿಕ್ ಮಾಡಿ.

ಎರಡು ರೌಟರ್ ಇರುವ ಮನೆ

ನಮ್ಮ ಕಡೆಯ ಹಳೆ ಮನೆಗಳ ಗೋಡೆ ಮುರಕಲ್ಲಿನದ್ದು, ದಪ್ಪ. ಜಗಲಿಯ ವೈಫೈ ಮಾಳಿಗೆಗೆ ಏರುವುದಿಲ್ಲ. ಆಗ ಕಪಾಟಿನಲ್ಲಿದ್ದ ಹಳೆ ರೌಟರ್ ತೆಗೆದು ಮೇಲೆ ಇಡುತ್ತೇವೆ. ಎರಡರಲ್ಲೂ ಡಿಎಚ್‌ಸಿಪಿ ಆನ್ ಇದ್ದು, ಲ್ಯಾನ್ ತೂತಿನಿಂದ ಲ್ಯಾನ್ ತೂತಿಗೆ ವಯರ್ ಎಳೆದಿದ್ದರೆ ಗಲಾಟೆ ಶುರು. ಹೊಸದಾಗಿ ಸೇರುವ ಫೋನಿಗೆ ಯಾರು ಮೊದಲು ಓಡಿಬಂದು ವಿಳಾಸ ಕೊಡುತ್ತಾರೋ ಅವರ ಮಾತೇ ನಡೆಯುತ್ತದೆ. ಮೇಲಿನದ್ದು ಗೆದ್ದರೆ ಅದು ತನ್ನನ್ನೇ ಗೇಟ್‌ವೇ, ತನ್ನನ್ನೇ ಡಿಎನ್‌ಎಸ್ ಅಂತ ಹೇಳುತ್ತದೆ. ಅದರಿಂದ ಹೊರಗೆ ದಾರಿಯೇ ಇಲ್ಲ. ಬೆಳಿಗ್ಗೆ ಸರಿ, ಮಧ್ಯಾಹ್ನ ಇಲ್ಲ, ಕರೆಂಟ್ ಹೋಗಿ ಬಂದರೆ ಮತ್ತೆ ಸರಿ. ಇಂಥ ದೂರು ಎಲ್ಲಿ ಬಂದರೂ ನಾನು ಮನೆಯಲ್ಲಿ ಎಷ್ಟು ರೌಟರ್ ಉಂಟು ಅಂತ ಕೇಳುತ್ತೇನೆ.

ಹಿಡಿಯುವುದು ಸುಲಭ. ಕೆಟ್ಟ ಉಪಕರಣದ ಗೇಟ್‌ವೇ ಮತ್ತು ಸರಿಯಿರುವ ಉಪಕರಣದ ಗೇಟ್‌ವೇ ಹೋಲಿಸಿ. ಬೇರೆ ಬೇರೆ ಇದ್ದರೆ ಸಿಕ್ಕಿತು. ಹಳೆಯದರ ಸೆಟ್ಟಿಂಗ್ ಪುಟಕ್ಕೆ ಹೋಗಿ ಡಿಎಚ್‌ಸಿಪಿ ಆಫ್ ಮಾಡಿ, ಅದಕ್ಕೆ ಮೊದಲನೆಯದರ ಸಾಲಿನಲ್ಲೇ, ಅಂದರೆ ಮೊದಲ ಮೂರು ಅಂಕೆ ಅದರದ್ದೇ ಇರುವಂತೆ, ಯಾರೂ ಬಳಸದ ಒಂದು ನಂಬರ್ ಕೊಡಿ. ಯಾರಾದರೂ ಪಿನ್ ಚುಚ್ಚಿ ರೀಸೆಟ್ ಮಾಡಿದರೆ ಡಿಎಚ್‌ಸಿಪಿ ಮತ್ತೆ ಆನ್ ಆಗುತ್ತದೆ, ನೆನಪಿರಲಿ.

ರೌಟರಿನಲ್ಲಿ ಏನೇ ಬದಲಾಯಿಸಿದರೂ ಫೋನುಗಳಿಗೆ ಕೂಡಲೇ ಗೊತ್ತಾಗುವುದಿಲ್ಲ. ಹಿಂದೆ ಸಿಕ್ಕಿದ ವಿಳಾಸದ ಅವಧಿ ಮುಗಿಯುವ ತನಕ, ಕೆಲವು ಕಡೆ ಇಡೀ ದಿನ, ಹಳೆಯದನ್ನೇ ಹಿಡಿದುಕೊಂಡಿರುತ್ತವೆ. ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಇದು ಗೊತ್ತಿಲ್ಲದೆ "ಬದಲಾಯಿಸಿದೆ, ಸರಿಯಾಗಲಿಲ್ಲ" ಅಂತ ಸರಿಯಾದ ಸೆಟ್ಟಿಂಗನ್ನೇ ವಾಪಸ್ ಕೆಡಿಸುವವರು ಜಾಸ್ತಿ.

ಕಣ್ಣಿಗೆ ಬೀಳದ ಇನ್ನೆರಡು ದಾರಿ

ನೀವು ಡಿಎನ್‌ಎಸ್ ಬದಲಾಯಿಸಿದ್ದು ಐಪಿವಿ4ಗೆ, ಅಂದರೆ ಈ ತನಕ ನೋಡಿದ ಚುಕ್ಕಿಯ ನಂಬರುಗಳಿಗೆ, ಮಾತ್ರ ಇರಬಹುದು. ಈಗಿನ ಹಲವು ರೌಟರುಗಳು ಐಪಿವಿ6 ಎಂಬ ಹೊಸ ಬಗೆಯ ವಿಳಾಸದಲ್ಲಿ ಬೇರೆಯೇ ಡಿಎನ್‌ಎಸ್ ವಿಳಾಸ ಕೊಡುತ್ತವೆ. ವಿಂಡೋಸ್ ಅದನ್ನೂ ಕೇಳುತ್ತದೆ. ಐಪಿಕಾನ್ಫಿಗ್ ಪಟ್ಟಿಯ ಡಿಎನ್‌ಎಸ್ ಸಾಲಿನಲ್ಲಿ ಕೋಲನ್ ತುಂಬಿದ ಉದ್ದದ ವಿಳಾಸ ಕಂಡರೆ ಅದೇ. ಅದನ್ನೂ ಬದಲಾಯಿಸಬೇಕು.

ಇನ್ನೊಂದು ದಾರಿ, ಹೆಸರನ್ನು ಗುಪ್ತವಾಗಿ ಕೇಳುವ ಫೋನಿನ ಸೆಟ್ಟಿಂಗ್, ಪ್ರೈವೇಟ್ ಡಿಎನ್‌ಎಸ್. ಆಂಡ್ರಾಯ್ಡ್ 9ರಿಂದ ಇದೆ. ಅಲ್ಲಿ ಯಾವುದಾದರೂ ಸರ್ವರಿನ ಹೆಸರು ಬರೆದಿದ್ದು, ಆ ಸರ್ವರ್ 853ನೇ ಪೋರ್ಟಿನಲ್ಲಿ ಸಿಗದಿದ್ದರೆ, ಫೋನು ಬೇರೆ ಯಾರನ್ನೂ ಕೇಳುವುದಿಲ್ಲ. ಮನೆಯಲ್ಲಿ ಸರಿ, ಆಫೀಸಿನ ವೈಫೈಯಲ್ಲಿ ಇಲ್ಲ ಎಂಬ ದೂರಿಗೆ ಇದು ಒಳ್ಳೆಯ ಅನುಮಾನ. ಆಟೊಮ್ಯಾಟಿಕ್‌ಗೆ ಇಡಿ.

ಗಡಿಯಾರ

ಇದು ಕರೆಂಟ್ ಹೋಗಿ ಬರುವ ಊರಿನವರಿಗೆ. ಹೆಚ್ಚಿನ ರೌಟರಿನಲ್ಲಿ ಬ್ಯಾಟರಿ ಇಲ್ಲ. ಆಫ್ ಆದರೆ ಗಂಟೆ ಮರೆಯುತ್ತದೆ. ಆನ್ ಆದಾಗ ಯಾವುದೋ ಹಳೆ ದಿನಾಂಕ ಇಟ್ಟುಕೊಂಡು, ನೆಟ್‌ನಲ್ಲಿ ಸಮಯ ಹೇಳುವ ಸರ್ವರನ್ನು ಕೇಳಿ ಸರಿಮಾಡಿಕೊಳ್ಳುತ್ತದೆ. ಆ ಸರ್ವರಿಗೂ ಹೆಸರಿದೆ. ಹೆಸರಿಗೆ ಡಿಎನ್‌ಎಸ್ ಬೇಕು. ರೌಟರಿನಲ್ಲಿ ಸಹಿ ಪರೀಕ್ಷಿಸುವ ಅಥವಾ ಗುಪ್ತವಾಗಿ ಕೇಳುವ ಡಿಎನ್‌ಎಸ್ ಆನ್ ಮಾಡಿದ್ದರೆ, ಸಹಿ ಮತ್ತು ಸರ್ಟಿಫಿಕೇಟಿನ ದಿನಾಂಕ ನೋಡಲು ಸರಿಯಾದ ಗಂಟೆ ಬೇಕು. ಗಂಟೆಗೆ ಹೆಸರು ಬೇಕು, ಹೆಸರಿಗೆ ಗಂಟೆ ಬೇಕು. ಕೋಳಿ ಮೊದಲಾ, ಮೊಟ್ಟೆ ಮೊದಲಾ? ಸಮಯದ ಸರ್ವರನ್ನು ಹೆಸರಿನ ಬದಲು ನಂಬರಿನಲ್ಲಿ ಬರೆದರೆ ಗಂಟು ಬಿಚ್ಚುತ್ತದೆ. ಇಲ್ಲವಾದರೆ ರೌಟರನ್ನು ಇನ್ವರ್ಟರ್ ಲೈನಿಗೆ ಹಾಕಿ.

ಹಳೆ ಡೆಸ್ಕ್‌ಟಾಪಿನಲ್ಲೂ ಇದೇ. ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ, ಸಿಆರ್2032, ಸತ್ತಿದ್ದರೆ ಪ್ರತಿ ಸಲ ದಿನಾಂಕ ಹಿಂದೆ ಹೋಗುತ್ತದೆ. ಬ್ರೌಸರಿನ ಸೆಕ್ಯೂರ್ ಡಿಎನ್‌ಎಸ್ ಸರ್ಟಿಫಿಕೇಟ್ ನಂಬದೆ ಸುಮ್ಮನೆ ಕೂರುತ್ತದೆ. ಪರದೆಯ ಮೂಲೆಯ ತಾರೀಕು ನೋಡಲು ಒಂದು ಸೆಕೆಂಡ್ ಸಾಕು.

ಪ್ರಿಂಟರ್ ಹೆಸರು ಸಿಗುವುದಿಲ್ಲ

ಮನೆಯೊಳಗಿನ ಹೆಸರುಗಳದ್ದು ಬೇರೆ ದಾರಿ. ಡಾಟ್ ಲೋಕಲ್ ಅಂತ ಮುಗಿಯುವ ಹೆಸರಿಗೆ ಯಾವ ಸರ್ವರನ್ನೂ ಕೇಳುವುದಿಲ್ಲ. "ಇಲ್ಲಿ ಪ್ರಿಂಟರ್ ಯಾರು?" ಅಂತ ಇಡೀ ಮನೆಗೆ ಕೂಗು ಹಾಕುತ್ತದೆ, ಪ್ರಿಂಟರ್ ಓಗೊಡುತ್ತದೆ. ಎಂಡಿಎನ್‌ಎಸ್ ಅಂತ ಅದರ ಹೆಸರು, ಪೋರ್ಟ್ 5353. ಕೂಗು ಒಂದು ನೆಟ್‌ವರ್ಕಿನಿಂದ ಇನ್ನೊಂದಕ್ಕೆ ದಾಟುವುದಿಲ್ಲ. ನೀವು ಗೆಸ್ಟ್ ವೈಫೈಯಲ್ಲಿದ್ದರೆ, ಅಥವಾ ಪ್ರಿಂಟರ್ ಮಾಳಿಗೆಯ ಎರಡನೇ ರೌಟರಿನ ಬೇರೆ ಸಾಲಿನಲ್ಲಿದ್ದರೆ ಕೇಳಿಸದು. 8.8.8.8 ಹಾಕಿದರೆ ಪ್ರಿಂಟರ್ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಿಮ್ಮ ಮನೆಯ ಪ್ರಿಂಟರ್ ಗೂಗಲ್‌ಗೆ ಹೇಗೆ ಗೊತ್ತು? ರೌಟರಿನಲ್ಲಿ ಪ್ರಿಂಟರಿಗೆ ಒಂದು ಖಾಯಂ ನಂಬರ್ ಕಾದಿರಿಸಿ, ಅದನ್ನೇ ಕೊಟ್ಟು ಸೇರಿಸಿಬಿಡಿ. ನಾನು ಎಲ್ಲರ ಮನೆಯಲ್ಲೂ ಹಾಗೇ ಮಾಡುವುದು.

ಕೇಬಲಿನವರಿಗೆ ಫೋನ್ ಮಾಡುವಾಗ

8.8.8.8ಕ್ಕೆ ಪಿಂಗ್ ಹೋಗುತ್ತದೆ. ರೌಟರನ್ನು ಕೇಳಿದರೆ ಟೈಮ್‌ಔಟ್. 8.8.8.8ನ್ನು ಕೇಳಿದರೆ ಉತ್ತರ ಬರುತ್ತದೆ. ಹಾಗಿದ್ದರೆ ರೌಟರ್ ಸುಸ್ತಾಗಿದೆ ಅಥವಾ ಕಂಪನಿಯ ಡಿಎನ್‌ಎಸ್ ಬಿದ್ದಿದೆ. ಈಗ ರೌಟರ್ ಆಫ್-ಆನ್ ಮಾಡಿ. ಸರಿಯಾದರೆ ರೌಟರಿನದ್ದು. ಆಗದಿದ್ದರೆ ರೌಟರ್ ಪುಟದಲ್ಲಿ ವ್ಯಾನ್ ಎಂಬ, ಹೊರಗಿನ ಲೈನಿಗೆ ಸಂಬಂಧಪಟ್ಟ ಭಾಗದಲ್ಲಿ ಕಂಪನಿ ಕೊಟ್ಟ ಡಿಎನ್‌ಎಸ್ ನಂಬರ್ ನೋಡಿ, ಎನ್‌ಎಸ್‌ಲುಕಪ್‌ನಲ್ಲಿ ಅದನ್ನೇ ನೇರ ಕೇಳಿ. ಅದೂ ಸುಮ್ಮನಿದ್ದರೆ ಅವರದ್ದೇ. ಸದ್ಯಕ್ಕೆ ರೌಟರಿನ ಡಿಎನ್‌ಎಸ್ ಜಾಗದಲ್ಲಿ 1.1.1.1 ಮತ್ತು 8.8.8.8 ಬರೆದು ಕೆಲಸ ಮುಂದುವರಿಸಿ.

ಫೋನ್ ಮಾಡಿ "ನೆಟ್ ಇಲ್ಲ" ಅಂದರೆ ಆಫ್ ಮಾಡಿ ಆನ್ ಮಾಡಿ ಅಂತಲೇ ಹೇಳುತ್ತಾರೆ. "ಲೈನ್ ಸರಿ ಉಂಟು ಅಣ್ಣ, ಪಿಂಗ್ ಹೋಗ್ತದೆ, ನಿಮ್ಮ ಡಿಎನ್‌ಎಸ್ ಮಾತ್ರ ಉತ್ತರ ಕೊಡ್ತಾ ಇಲ್ಲ" ಅಂತ ಹೇಳಿ, ಆ ನಂಬರನ್ನೂ ಓದಿ ಹೇಳಿ. ನಮ್ಮ ಏರಿಯಾದ ಹುಡುಗ ಇದನ್ನು ಕೇಳಿದ ಮೇಲೆ ಏಣಿ ಹಿಡಿದುಕೊಂಡು ಮನೆಗೆ ಬರುವುದಿಲ್ಲ. "ಐದು ನಿಮಿಷ, ಮೇಲೆ ಹೇಳ್ತೇನೆ" ಅಂತಾನೆ.